ಅಮೆರಿಕದ ಕಲ್ಲಿದ್ದಲು ಲೈನ್‌ಗಳಲ್ಲಿ ಹಳೇ ಆಲ್ಕೋ ಎಂಜಿನ್ ಇಷ್ಟು ವರ್ಷ ಹೇಗೆ ಬಾಳಿಕೆ ಬಂತು? ಅಪ್ಪನಿಗೆ ಉತ್ತರ ಬೇಕು

ಡ್ರೈವರ್ ಮಗಳು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಾರದಿಂದ ಒಂದೇ ವಾದ ನಡೆಯುತ್ತಿದೆ. ಗೊತ್ತಿದ್ದವರು ಬಗೆಹರಿಸಿ ಕೊಡಿ.

ನಮ್ಮಪ್ಪ ರೈಲ್ವೆ ಡ್ರೈವರ್ ಆಗಿದ್ದವರು. ನಾನು ಬೆಳೆದದ್ದು ಚಿಕ್ಕಜಾಜೂರು ಕ್ವಾರ್ಟರ್ಸ್‌ನಲ್ಲಿ. ಮೀಟರ್ ಗೇಜ್ ಕಾಲದಲ್ಲಿ ಅಪ್ಪ ವೈಡಿಎಂ-4 ಓಡಿಸಿದರು, 90ರ ದಶಕದಲ್ಲಿ ಬ್ರಾಡ್ ಗೇಜ್ ಬಂದ ಮೇಲೆ ಡಬ್ಲ್ಯೂಡಿಎಂ-2. ಎರಡೂ ಅಮೆರಿಕದ ಆಲ್ಕೋ ಕಂಪನಿಯ ಡಿಸೈನೇ. ದುರ್ಗದ ಕಡೆಯಿಂದ ಅದಿರಿನ ರೇಕ್ ಬಂದು ಯಾರ್ಡ್‌ನಲ್ಲಿ ನಿಂತು ಮತ್ತೆ ಹೊರಟಾಗ ಅಡುಗೆಮನೆ ಸ್ಟ್ಯಾಂಡಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಬಿಳಿ ಬಟ್ಟೆ ಒಣಹಾಕಿದ್ದರೆ ಅಮ್ಮ ಓಡಿ ಹೋಗಿ ಎಳೆದುಕೊಂಡು ಬರುತ್ತಿದ್ದರು, ಆ ಹೊಗೆಗೆ ಹೆದರಿ.

ಹೋದ ಭಾನುವಾರ ಫೋನಿನಲ್ಲಿ ಅಮೆರಿಕದ ಹಳೇ ವೀಡಿಯೋ ಒಂದನ್ನು ನೋಡುತ್ತಿದ್ದೆ. ಕಾಡಿನ ನಡುವೆ ಸಿಂಗಲ್ ಲೈನ್, ಹುಲ್ಲು ಬೆಳೆದ ಹಳಿ, ಇಪ್ಪತ್ತು ಚಿಲ್ಲರೆ ಕಲ್ಲಿದ್ದಲು ಗಾಡಿ, ಮುಂದೆ ಒಂದೇ ಎಂಜಿನ್, ಆರ್‌ಎಸ್-3 ಅಂತ ಕೆಳಗೆ ಬರೆದಿದ್ದರು. ನಡೆದುಕೊಂಡು ಹೋಗುವವನು ಹಿಂದೆ ಹಾಕುವಷ್ಟು ನಿಧಾನ. ಅಪ್ಪ ಒಳಗೆ ಮಲಗಿದ್ದವರು ಎದ್ದು ಬಂದು ಸ್ಕ್ರೀನ್ ನೋಡುವ ಮೊದಲೇ "ಆಲ್ಕೋ, ನಾಲ್ಕನೇ ನಾಚ್" ಅಂದರು. ನಾಚ್ ಅಂದರೆ ಎಂಜಿನ್‌ನ ಶಕ್ತಿ ಏರಿಸಿ ಇಳಿಸುವ ಹ್ಯಾಂಡಲ್‌ನ ಒಂದೊಂದು ಮೆಟ್ಟಿಲು.

ಜಗಳ ಶುರುವಾದದ್ದು ಆಮೇಲೆ. ಇಂಥ ಎಂಜಿನ್ ಕೆಲವು ಸಣ್ಣ ಖಾಸಗಿ ಕಂಪನಿಗಳಲ್ಲಿ ಈಗಲೂ ಓಡುತ್ತವೆ ಅಂತ ನಾನು ಓದಿ ಹೇಳಿದೆ. ಅಪ್ಪ ಒಪ್ಪುತ್ತಿಲ್ಲ. "1969ರಲ್ಲೇ ಆ ಫ್ಯಾಕ್ಟರಿ ಬಾಗಿಲು ಹಾಕಿತು. ನಮ್ಮಲ್ಲಿ 36 ವರ್ಷ ಆಯಿತು ಅಂದರೆ ಗುಜರಿಗೆ. ಸ್ವಂತ ದುಡ್ಡು ಹಾಕಿ ಕಂಪನಿ ನಡೆಸುವವನು ಇಂಥದ್ದನ್ನು ಯಾಕೆ ಸಾಕುತ್ತಾನೆ, ಅವೆಲ್ಲ ಟೂರಿಸ್ಟ್‌ಗಳಿಗೆ ತೋರಿಸೋಕೆ ಇಟ್ಟಿರಬೇಕು" ಅನ್ನುತ್ತಾರೆ.

ಅಪ್ಪ ಹೇಳುವುದು ಸರಿಯಾ? ನಿಜವಾಗಿ ದುಡಿಯುತ್ತವಾ ಅಥವಾ ಸುಮ್ನೆ ಪ್ರದರ್ಶನವಾ? ಬಿಡಿಭಾಗ ಎಲ್ಲಿಂದ ತರುತ್ತಾರೆ? ಅಪ್ಪನಿಗೆ ಓದಿ ಹೇಳಬೇಕು, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯಿರಿ.


ದುರ್ಗದವನು, ಸದ್ಯ ಪೆನ್ಸಿಲ್ವೇನಿಯಾ

ಅಕ್ಕಾ, ಊರು ಚಿತ್ರದುರ್ಗ, ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ನಿಮ್ಮ ಅಪ್ಪನಿಗೆ ಹೇಳಿ, ಪ್ರದರ್ಶನಕ್ಕಲ್ಲ, ದುಡಿಯುತ್ತವೆ. ಸ್ಕ್ರಾಂಟನ್ ಅಂತ ಒಂದು ಊರಿದೆ. ಅಲ್ಲಿಯ ಡೆಲವೇರ್-ಲ್ಯಾಕವಾನಾ ಅನ್ನುವ ಸಣ್ಣ ಕಂಪನಿ 1993ರಲ್ಲಿ ಶುರುವಾಗಿದ್ದು, ಅದರ ಗುರುತೇ ಆಲ್ಕೋ. ನಾನು ಬೇಲಿ ಪಕ್ಕ ನಿಂತು ನೋಡಿದ್ದೇನೆ. ಚಳಿಗೆ ಬಾಯಿಂದ ಹಬೆ ಬರುತ್ತಿತ್ತು, ಎಂಜಿನ್ ನಿಂತಲ್ಲೇ ಐಡಲ್‌ನಲ್ಲಿ ತನ್ನ ಪಾಡಿಗೆ ಗುಟುರು ಹಾಕುತ್ತಿತ್ತು. ಕಣ್ಣು ಮುಚ್ಚಿದರೆ ಹೊಳಲ್ಕೆರೆ ಸ್ಟೇಷನ್.

ಒಂದು ವಿಷಯ ತಿದ್ದಬೇಕು. ಸ್ಕ್ರಾಂಟನ್ ಕಲ್ಲಿದ್ದಲಿನಿಂದಲೇ ಹುಟ್ಟಿದ ಊರು, ಆಂತ್ರಸೈಟ್ ಅನ್ನುವ ಗಟ್ಟಿ ಕಲ್ಲಿದ್ದಲು ಅಲ್ಲಿಯದು, ಹಳಿ ಹಾಕಿದ್ದೂ ಅದಕ್ಕೇ. ಆದರೆ ಈಗ ಅಲ್ಲಿಯ ಆಲ್ಕೋಗಳು ಜಾಸ್ತಿ ಎಳೆಯುವುದು ಹಿಟ್ಟಿನ ಗಿರಣಿಗೆ ಹೋಗುವ ಗೋಧಿ. ಇವತ್ತಿಗೂ ಆಂತ್ರಸೈಟ್ ಸಾಗಿಸುವ ದೊಡ್ಡ ಹೆಸರು ಅಂದರೆ ರೀಡಿಂಗ್ ಆ್ಯಂಡ್ ನಾರ್ದರ್ನ್, ಅದೂ ಇದೇ ರಾಜ್ಯದ್ದು. ಅವರಲ್ಲಿರುವುದು ಇನ್ನೊಂದು ಜಾತಿ, ಇಎಂಡಿ ಕಂಪನಿಯ ಎಸ್‌ಡಿ40-2 ಥರದವು. ಆ ಮಾಡೆಲ್ ಬಂದದ್ದೇ 1972ರಲ್ಲಿ, ಹಾಗಾಗಿ ಅವೇನೂ ಹೊಸವಲ್ಲ.

ಈಗ ಯಾಕೆ ಸಾಕುತ್ತಾರೆ ಅನ್ನುವುದು. 1980ರಲ್ಲಿ ಸ್ಟ್ಯಾಗರ್ಸ್ ಕಾಯ್ದೆ ಅಂತ ಬಂತು, ರೈಲು ಕಂಪನಿಗಳ ಮೇಲಿದ್ದ ಸರ್ಕಾರದ ಹಿಡಿತ ಸಡಿಲವಾಯಿತು. ದೊಡ್ಡ ಕಂಪನಿಗಳು ಲಾಭವಿಲ್ಲದ ಬ್ರಾಂಚ್ ಲೈನ್‌ಗಳನ್ನು ಮಾರುತ್ತಾ ಬಂದವು. ಸ್ಥಳೀಯರು ಕೊಂಡರು. ಈಗ ಇಡೀ ದೇಶದಲ್ಲಿ ಸುಮಾರು 600 ಇಂಥ ಶಾರ್ಟ್ ಲೈನ್‌ಗಳಿವೆ. ಒಂದು ಗಣಿ, ಮೂವತ್ತೋ ಐವತ್ತೋ ಕಿಲೋಮೀಟರ್ ಹಳಿ, ಕೊನೆಯಲ್ಲಿ ದೊಡ್ಡ ಕಂಪನಿಯ ಲೈನ್‌ಗೆ ಗಾಡಿ ಒಪ್ಪಿಸುವ ಜಾಗ, ಎಷ್ಟೋ ಕಂಪನಿಗಳ ಪ್ರಪಂಚ ಇಷ್ಟೇ. ಅದೇ ಸಮಯಕ್ಕೆ ದೊಡ್ಡವರು ಆಲ್ಕೋಗಳನ್ನು ಗುಜರಿ ಬೆಲೆಗೆ ಹೊರಹಾಕುತ್ತಿದ್ದರು. ಇವರಿಗೆ ಬೇಕಿದ್ದದ್ದು ಭಾರ ಎಳೆಯುವ ಎಂಜಿನ್, ವೇಗ ಅಲ್ಲ. ಇಲ್ಲಿಯ ನಿಯಮದಲ್ಲಿ ಹಳಿಗೆ ದರ್ಜೆ ಇದೆ, ಒಂದನೇ ದರ್ಜೆ ಅಂದರೆ ಎಲ್ಲಕ್ಕಿಂತ ಕೆಳಗಿನದು, ಅದರ ಮೇಲೆ ಗೂಡ್ಸ್ ಗಾಡಿ ಗಂಟೆಗೆ 10 ಮೈಲಿ ದಾಟುವಂತಿಲ್ಲ, ಅಂದರೆ 16 ಕಿಲೋಮೀಟರ್. ಎರಡನೇ ದರ್ಜೆಗೆ 25 ಮೈಲಿ. ಆ ವೇಗಕ್ಕೆ ಹೊಸ ಎಂಜಿನ್ ತಂದು ಏನು ಮಾಡುತ್ತೀರಿ?

ಅಪ್ಪನ 36 ವರ್ಷದ ಮಾತಿಗೂ ಉತ್ತರ ಇಲ್ಲೇ ಇದೆ. ಇಲ್ಲಿ ಎಂಜಿನ್‌ಗೆ ವಯಸ್ಸಿನ ಮಿತಿ ಇಲ್ಲ. ಕೆಲಸ ಮಾಡುವ ದಿನ ದಿನವೂ ಒಂದು ತಪಾಸಣೆ, 92 ದಿನಕ್ಕೊಮ್ಮೆ ದೊಡ್ಡದು. ಬ್ರೇಕ್, ಚಕ್ರ, ವಿದ್ಯುತ್ ಭಾಗ ಎಲ್ಲ ಸರಿ ಇದ್ದರೆ ಅದು 1955ರದ್ದಾದರೂ ಓಡಬಹುದು. ಇವತ್ತು ಗಟ್ಟಿ ಇದೆಯಾ ಅಂತ ಕೇಳುತ್ತಾರೆ, ಯಾವಾಗ ಹುಟ್ಟಿದ್ದು ಅಂತ ಕೇಳುವುದಿಲ್ಲ.


ಶೆಡ್ ಫಿಟ್ಟರ್, ಹರಿಹರ

ತಂಗೀ, ನಾನು ಮೂವತ್ತೊಂದು ವರ್ಷ ಡೀಸೆಲ್ ಶೆಡ್‌ನಲ್ಲಿ ಆಲ್ಕೋ ಎಂಜಿನ್‌ನ ಒಳಗೇ ಇದ್ದವನು. ಬಿಡಿಭಾಗದ ಪ್ರಶ್ನೆ ನನಗೆ ಬಿಡಿ.

ಮೊದಲು ಎಂಜಿನ್ ಗುರುತು. ನೀವು ನೋಡಿದ ಆರ್‌ಎಸ್-3 1950ರಿಂದ 56ರವರೆಗೆ ತಯಾರಾದದ್ದು, 1600 ಹಾರ್ಸ್‌ಪವರ್, ಅದರ ಒಳಗಿದ್ದ ಮೂಲ ಡೀಸೆಲ್ ಎಂಜಿನ್‌ನ ಮಾಡೆಲ್ 244. ಅದನ್ನು ಅವಸರದಲ್ಲಿ ಮಾರುಕಟ್ಟೆಗೆ ಬಿಟ್ಟರು, ಟರ್ಬೋ, ಅಂದರೆ ಎಂಜಿನ್ ಒಳಗೆ ಗಾಳಿ ತುಂಬುವ ಭಾಗ, ಅದರ ತೊಂದರೆ ಜಾಸ್ತಿ ಇತ್ತು, ಆಲ್ಕೋಗೆ ಕೆಟ್ಟ ಹೆಸರು ಬಂದದ್ದು ಅದರಿಂದ. ಆಮೇಲೆ ಬಂದ 251 ಮಾಡೆಲ್ ಬೇರೆಯೇ. ನಮ್ಮ ಡಬ್ಲ್ಯೂಡಿಎಂ-2ದ್ದು ಅದು, 16 ಸಿಲಿಂಡರ್, 2600 ಹಾರ್ಸ್‌ಪವರ್. ವೈಡಿಎಂ-4ದ್ದೂ ಅದೇ, 6 ಸಿಲಿಂಡರ್ ಸಾಲಾಗಿ. ಸಿಲಿಂಡರ್ ಅಗಲ 9 ಇಂಚು, ಪಿಸ್ಟನ್ ಓಡುವ ಉದ್ದ ಹತ್ತೂವರೆ ಇಂಚು, ಆರಕ್ಕೂ ಹದಿನಾರಕ್ಕೂ ಒಂದೇ ಅಳತೆ. ಈ ಒಂದೇ ಅಳತೆ ಅನ್ನುವುದೇ ದೊಡ್ಡ ಗುಣ ತಂಗೀ. 1962ರಲ್ಲಿ ಅಮೆರಿಕದಿಂದ ಬಂದ ಮೊದಲ ಡಬ್ಲ್ಯೂಡಿಎಂ-2 ಆಗಲಿ, 1964ರ ಜನವರಿಯಲ್ಲಿ ವಾರಾಣಸಿಯಿಂದ ಹೊರಬಂದ ಮೊದಲನೇದಾಗಲಿ, 98ರಲ್ಲಿ ಕೊನೆಗೆ ಬಂದದ್ದಾಗಲಿ, ಆ ಅಳತೆ ಬದಲಾಗಲಿಲ್ಲ.

ಫ್ಯಾಕ್ಟರಿ ಮುಚ್ಚಿತು ನಿಜ. ಎಂಜಿನ್ ಸಾಯಲಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮುಂದುವರಿಯಿತು, ವಾರಾಣಸಿಯಲ್ಲಿ ಸಾವಿರಗಟ್ಟಲೆ ಮಾಡಿದರು. 251ರ ಹಕ್ಕು ಈಗ ಅಮೆರಿಕದ ಫೇರ್‌ಬ್ಯಾಂಕ್ಸ್ ಮೋರ್ಸ್ ಕಂಪನಿ ಹತ್ತಿರ ಇದೆ. ಇನ್ನೊಂದು ಹೇಳುತ್ತೇನೆ, ನಿಮ್ಮಪ್ಪನಿಗೆ ಖುಷಿಯಾಗುತ್ತದೆ. ನಾಸಾದವರು ಚಂದ್ರನಿಗೆ ಹೋದ ರಾಕೆಟ್ಟನ್ನು ಉಡಾವಣೆ ಕಟ್ಟೆಗೆ ಹೊತ್ತೊಯ್ಯಲು ಕ್ರಾಲರ್ ಅಂತ ಒಂದು ದೈತ್ಯ ಗಾಡಿ ಮಾಡಿಸಿದರು ನೋಡಿ, ಅದನ್ನು ನಡೆಸಲು ಹಾಕಿದ್ದು ಎರಡು 16 ಸಿಲಿಂಡರ್ ಆಲ್ಕೋ 251, ಒಂದೊಂದೂ 2750 ಹಾರ್ಸ್‌ಪವರ್. ಅದಿರು ಎಳೆದ ನಮ್ಮ ಎಂಜಿನ್‌ನ ಅಣ್ಣತಮ್ಮಂದಿರೇ.

ರಿಪೇರಿ ಮಾತಿಗೆ ಬರುತ್ತೇನೆ. ಈ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್‌ಗೂ ಅದರದ್ದೇ ಫ್ಯುಯೆಲ್ ಪಂಪ್, ಅದರದ್ದೇ ಇಂಜೆಕ್ಟರ್, ಅದರದ್ದೇ ಹೆಡ್. ಒಂದು ಕೆಟ್ಟರೆ ಅದೊಂದನ್ನೇ ಬಿಚ್ಚುತ್ತೀರಿ. ಯಾವುದು ಕೆಟ್ಟಿದೆ ಅಂತ ತಿಳಿಯೋಕೆ ಕಂಪ್ಯೂಟರ್ ಬೇಡ. ಎಂಜಿನ್ ಓಡುತ್ತಿರುವಾಗ ಒಂದೊಂದೇ ಪಂಪಿನ ಡೀಸೆಲ್ ಕಟ್ ಮಾಡುತ್ತಾ ಹೋಗುತ್ತೇವೆ. ಸರಿಯಾಗಿರುವ ಸಿಲಿಂಡರ್ ಕಟ್ ಮಾಡಿದರೆ ಸದ್ದು ಕುಂಟುತ್ತದೆ. ಯಾವುದನ್ನು ಕಟ್ ಮಾಡಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ. ನಾನು ಒಂದು ಉದ್ದನೇ ಸ್ಕ್ರೂಡ್ರೈವರ್‌ನ ತುದಿಯನ್ನು ಪಂಪಿಗೆ ಒತ್ತಿ ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡು ಕೇಳುತ್ತಿದ್ದೆ, ಹಿಡಿಕೆಯ ಮರ ಕಿವಿಯ ಆಕಾರಕ್ಕೆ ಸವೆದು ನುಣುಪಾಗಿತ್ತು. ನಿವೃತ್ತಿ ದಿನ ಅದನ್ನು ನನ್ನ ಹುಡುಗನ ಕೈಗೆ ಕೊಟ್ಟು ಬಂದೆ.

ಆಮೇಲೆ ಲೂಬ್ ಆಯಿಲ್. ಸ್ವಲ್ಪ ತೆಗೆದು ಲ್ಯಾಬ್‌ಗೆ ಕೊಟ್ಟರೆ ಒಳಗೆ ಏನು ಸವೆಯುತ್ತಿದೆ ಅಂತ ಅದೇ ಹೇಳುತ್ತದೆ. ತಾಮ್ರ ಜಾಸ್ತಿ ಬಂದರೆ ಬೇರಿಂಗ್ ಮೇಲೆ ಅನುಮಾನ, ಕಬ್ಬಿಣ ಬಂದರೆ ಲೈನರ್, ಅಂದರೆ ಸಿಲಿಂಡರ್‌ನ ಒಳಗೋಡೆ, ನೀರು ಬಂದರೆ ಎಲ್ಲೋ ಸೋರುತ್ತಿದೆ. ರಕ್ತ ಪರೀಕ್ಷೆ ಇದ್ದ ಹಾಗೆ. ಇದನ್ನು ತಪ್ಪದೆ ಮಾಡಿಸುವವನ ಎಂಜಿನ್ ಎಪ್ಪತ್ತು ವರ್ಷ ಯಾಕೆ ಓಡಬಾರದು? ಸಣ್ಣ ಕಂಪನಿಯಲ್ಲಿ ಒಂದು ಅನುಕೂಲ ಇದೆ, ಎಂಜಿನ್ ಸಂಜೆ ಮನೆಗೆ ಬರುತ್ತದೆ. ಬೆಳಿಗ್ಗೆ ಕಳಿಸಿದವನೇ ಸಂಜೆ ಮುಟ್ಟಿ ನೋಡುತ್ತಾನೆ. ನಮ್ಮಲ್ಲಿ ಹುಬ್ಬಳ್ಳಿಯಿಂದ ಹೋದ ಎಂಜಿನ್ ಎಲ್ಲೆಲ್ಲೋ ಸುತ್ತಿ ಎಷ್ಟು ದಿನಕ್ಕೆ ಬರುತ್ತಿತ್ತೋ, ಮಧ್ಯೆ ಯಾರು ಏನು ಮಾಡಿದರೋ.


ಸೈಡಿಂಗ್ ಸುಪರ್‌ವೈಸರ್, ಚಿತ್ರದುರ್ಗ

ನಾನು ಎಂಜಿನ್ ತಜ್ಞ ಅಲ್ಲ, ಭೀಮಸಮುದ್ರ ಕಡೆಯ ಅದಿರು ತುಂಬಿಸುವ ಕೆಲಸದಲ್ಲಿದ್ದವನು. ಭಾರದ ಬಗ್ಗೆ ಮಾತ್ರ ಒಂದು ಮಾತು.

ನಮ್ಮ ಬಾಕ್ಸ್‌ಎನ್ ವ್ಯಾಗನ್ ತುಂಬಿದರೆ ಒಟ್ಟು ಸುಮಾರು 81 ಟನ್. ಅಮೆರಿಕದಲ್ಲಿ ಒಂದು ವ್ಯಾಗನ್ ತುಂಬಿದಾಗ 2,86,000 ಪೌಂಡ್, ಅಂದರೆ 130 ಟನ್ ಹತ್ತಿರ, ಅದೂ ನಾಲ್ಕೇ ಆಕ್ಸಲ್ ಮೇಲೆ. ಹಾಗಾಗಿ ಅಕ್ಕ ನೋಡಿದ ಇಪ್ಪತ್ತು ಗಾಡಿ ಅಂದರೆ ಸಣ್ಣ ಲೆಕ್ಕ ಅಲ್ಲ. ಅದನ್ನು ನಿಂತಲ್ಲಿಂದ ಎಬ್ಬಿಸುವುದೇ ಕಷ್ಟ, ಎದ್ದ ಮೇಲೆ ಹೇಗೋ ಹೋಗುತ್ತದೆ. ಹಳೇ ಎಂಜಿನ್ ಮೈಭಾರ ಇದ್ದರೆ ಚಕ್ರ ಹಳಿಯನ್ನು ಹಿಡಿಯುತ್ತದೆ. ಡಬ್ಲ್ಯೂಡಿಎಂ-2 ಒಂದೇ 112 ಟನ್ ಮೇಲೆ. ಮಳೆಗಾಲದಲ್ಲಿ ಅದಿರಿನ ಕೆಂಪು ಕೆಸರು ಹಳಿ ಮೇಲೆ ಬಿದ್ದು ಚಕ್ರ ಜಾರುವಾಗ ಡ್ರೈವರ್ ಮರಳು ಬಿಟ್ಟು, ಹ್ಯಾಂಡಲ್ ಒಂದು ನಾಚ್ ಇಳಿಸಿ, ಮತ್ತೆ ಏರಿಸಿ, ಮಗುವನ್ನು ನಡೆಸಿದ ಹಾಗೆ ಎಬ್ಬಿಸಿಕೊಂಡು ಹೋಗುತ್ತಿದ್ದರು. ಎಷ್ಟೋ ಸಲ ಕೈಮುಗಿದಿದ್ದೇನೆ.

ಆ ಶಾರ್ಟ್ ಲೈನ್‌ಗಳ ನಿಜವಾದ ತಲೆನೋವು ಎಂಜಿನ್ ಅಲ್ಲ, ಸೇತುವೆ ಇರಬೇಕು. ಹಳೇ ಬ್ರಾಂಚ್ ಲೈನ್ ಇಷ್ಟು ಭಾರಕ್ಕೆ ಕಟ್ಟಿದ್ದಲ್ಲ ಅಲ್ವಾ?


ದುರ್ಗದವನು, ಸದ್ಯ ಪೆನ್ಸಿಲ್ವೇನಿಯಾ

ಸರ್, ನೂರಕ್ಕೆ ನೂರು. ಒಂದು ವ್ಯಾಗನ್‌ನ ಭಾರದ ಮಿತಿ ಮೊದಲು 2,63,000 ಪೌಂಡ್ ಇತ್ತು, ಆಮೇಲೆ 2,86,000 ಆಯಿತು, ದೊಡ್ಡ ಕಂಪನಿಗಳು ಬೇಗ ಬದಲಾದವು, ಸಣ್ಣವರು ಸೇತುವೆ ಗಟ್ಟಿ ಮಾಡಲು ದುಡ್ಡಿಲ್ಲದೆ ಒದ್ದಾಡಿದರು. ಕೈಗೆ ಬಂದ ದುಡ್ಡೆಲ್ಲ ಸ್ಲೀಪರ್‌ಗೆ, ಜಲ್ಲಿಗೆ, ಸೇತುವೆಗೆ. ಎಂಜಿನ್‌ಗೆ ಉಳಿಯುವುದೇ ಇಲ್ಲ. ಹಳೇದನ್ನೇ ಚೆನ್ನಾಗಿ ನೋಡಿಕೊಳ್ಳಲು ಇದೂ ಒಂದು ಕಾರಣ.

ಚಳಿಯ ವಿಷಯ ಹೇಳಲು ಮರೆತೆ. ಈ ಎಂಜಿನ್‌ಗಳ ರೇಡಿಯೇಟರ್‌ನಲ್ಲಿ ಕಾರಿಗೆ ಹಾಕುವಂಥ ಆಂಟಿಫ್ರೀಜ್ ಹಾಕುವುದಿಲ್ಲ, ಔಷಧಿ ಬೆರೆಸಿದ ನೀರು ಅಷ್ಟೇ. ಸೊನ್ನೆಗಿಂತ ಕೆಳಗಿಳಿದ ರಾತ್ರಿ ಎಂಜಿನ್ ಆರಿಸಿ ಹೋದರೆ ಒಳಗೆ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳಬಹುದು. ಇಡೀ ರಾತ್ರಿ ಐಡಲ್‌ನಲ್ಲಿ ಬಿಡಬೇಕು, ಅಥವಾ ನೀರು ಪೂರ್ತಿ ಖಾಲಿ ಮಾಡಬೇಕು, ಅಥವಾ ಹೀಟರ್ ಇರುವ ಶೆಡ್ ಬೇಕು. ನಮ್ಮ ದುರ್ಗದಲ್ಲಿ ಇಂಥ ಚಿಂತೆ ಯಾರಿಗೂ ಇರಲಿಲ್ಲ.

ಹೊಗೆಯ ಬಗ್ಗೆಯೂ ಹೇಳಬೇಕು. ಇಲ್ಲಿಯ ಹೊಗೆ ನಿಯಮ 1973ರಿಂದ ಈಚೆಗೆ ತಯಾರಾದ ಎಂಜಿನ್‌ಗಳಿಗೆ ಅನ್ವಯ. ಅದಕ್ಕಿಂತ ಹಳೆಯದನ್ನು ಹೊಸದಾಗಿ ಮಾರ್ಪಡಿಸದೆ ಇದ್ದ ಹಾಗೇ ಇಟ್ಟುಕೊಂಡರೆ ಆ ಮಾನದಂಡ ತಾಗುವುದಿಲ್ಲ. ಹಳೇ ಆಲ್ಕೋ ಉಳಿಯಲು ಇದೂ ಸಹಾಯ ಮಾಡಿದೆ. ನನಗೆ ಈ ಎಂಜಿನ್ ಅಂದರೆ ಪ್ರಾಣ, ಆದರೂ ಹಳಿ ಪಕ್ಕದ ಮನೆಯವರ ಬಗ್ಗೆ ಯೋಚಿಸಿದರೆ ಇದು ಸರಿ ಅನ್ನಿಸುವುದಿಲ್ಲ. ಅಕ್ಕನ ಅಮ್ಮ ಬಟ್ಟೆ ಎಳೆದುಕೊಂಡು ಓಡಿದ್ದು ಓದಿ ನಮ್ಮಜ್ಜಿ ನೆನಪಾದರು.


ಡ್ರೈವರ್ ಮಗಳು, ದಾವಣಗೆರೆ

ಎಲ್ಲರಿಗೂ ತುಂಬಾ ಧನ್ಯವಾದ. ಎಲ್ಲವನ್ನೂ ಓದಿ ಹೇಳುತ್ತಿದ್ದೇನೆ, ನಾಸಾ ವಿಷಯ ಎರಡು ಸಲ ಓದಿಸಿದರು. ಇನ್ನೊಂದು ಕೇಳಲಾ? ಆಲ್ಕೋ ಬಿಟ್ಟು ಬೇರೆ ಹಳೇ ಎಂಜಿನ್ ಕಲ್ಲಿದ್ದಲು ಲೈನ್‌ಗಳಲ್ಲಿ ಇರಲಿಲ್ಲವಾ? ಮತ್ತೆ ನಮ್ಮ ದೇಶದಲ್ಲಿ ಇಂಥ ಖಾಸಗಿ ಕಲ್ಲಿದ್ದಲು ಲೈನ್ ಎಲ್ಲಾದರೂ ಇದೆಯಾ?


ದುರ್ಗದವನು, ಸದ್ಯ ಪೆನ್ಸಿಲ್ವೇನಿಯಾ

ಇದ್ದವು. ಈ ರಾಜ್ಯದ ನೈಋತ್ಯ ಮೂಲೆಯಲ್ಲಿ ಮೊನಾಂಗಹೇಲ ರೈಲ್ವೆ ಅಂತ ಇತ್ತು, ಕಲ್ಲಿದ್ದಲೇ ಅದರ ಜೀವ. ಅವರು 1967ರಲ್ಲಿ ನ್ಯೂಯಾರ್ಕ್ ಸೆಂಟ್ರಲ್ ಕಂಪನಿಯಿಂದ ಬಾಲ್ಡ್ವಿನ್ ಆರ್‌ಎಫ್-16 ಎಂಜಿನ್‌ಗಳನ್ನು ಸೆಕೆಂಡ್ ಹ್ಯಾಂಡ್ ತಂದರು. ಮೂತಿ ಚೂಪಾಗಿ ಮುಂದಕ್ಕೆ ಬಾಗಿರುವುದಕ್ಕೆ ಎಲ್ಲರೂ ಶಾರ್ಕ್ ಅನ್ನುತ್ತಾರೆ. ಬಾಲ್ಡ್ವಿನ್ ಕಂಪನಿ ರೈಲು ಎಂಜಿನ್ ಮಾಡುವುದನ್ನು 1956ರಲ್ಲೇ ನಿಲ್ಲಿಸಿತ್ತು. ಅಂದರೆ ತವರುಮನೆ ಇಲ್ಲದ ಎಂಜಿನ್‌ಗಳು. ಬಾಲ್ಡ್ವಿನ್‌ಗಳಲ್ಲಿ ಬಹಳಷ್ಟಕ್ಕೆ ಗಾಳಿಯ ಒತ್ತಡದಿಂದ ಕೆಲಸ ಮಾಡುವ ಥ್ರಾಟಲ್ (ಶಕ್ತಿ ಏರಿಸುವ ಹ್ಯಾಂಡಲ್) ಇತ್ತು, ಎಂಟು ನಾಚ್ ಅನ್ನುವ ಲೆಕ್ಕ ಇಲ್ಲ, ಹಾಗಾಗಿ ಬೇರೆ ಕಂಪನಿ ಎಂಜಿನ್ ಜೊತೆ ಜೋಡಿಸಿ ಓಡಿಸುವುದು ಸುಲಭ ಇರಲಿಲ್ಲ. ಆ ಶಾರ್ಕ್‌ಗಳಲ್ಲಿ ಉಳಿದದ್ದು ಎರಡೇ ಎರಡು, 1205 ಮತ್ತು 1216. ಮೊನಾಂಗಹೇಲ ಕಂಪನಿಯೂ 1993ರಲ್ಲಿ ಕಾನ್‌ರೇಲ್ ಅನ್ನುವ ದೊಡ್ಡ ರೈಲು ಕಂಪನಿಯಲ್ಲಿ ಸೇರಿಹೋಯಿತು.

ಕಲ್ಲಿದ್ದಲೇ ಕಡಿಮೆಯಾಗುತ್ತಿದೆ ಅಕ್ಕಾ. 2008ರಲ್ಲಿ ಈ ದೇಶ 117 ಕೋಟಿ ಶಾರ್ಟ್ ಟನ್ (ಇಲ್ಲಿಯ ಟನ್, ನಮ್ಮದಕ್ಕಿಂತ ಸ್ವಲ್ಪ ಕಡಿಮೆ) ತೆಗೆದಿತ್ತು, 2023ರಲ್ಲಿ ಸುಮಾರು 58 ಕೋಟಿ. ಒಂದೇ ಗಣಿ ನಂಬಿಕೊಂಡ ಲೈನ್‌ಗೆ ಗಣಿ ಮುಚ್ಚಿದ ದಿನ ಎಂಜಿನ್ ಎಷ್ಟು ಗಟ್ಟಿಯಿದ್ದರೂ ಒಂದೇ.


ಶೆಡ್ ಫಿಟ್ಟರ್, ಹರಿಹರ

ನಮ್ಮ ದೇಶದ್ದು ನಾನು ಹೇಳುತ್ತೇನೆ. ಎನ್‌ಟಿಪಿಸಿ ವಿದ್ಯುತ್ ಸ್ಥಾವರಗಳಿಗೆ ಗಣಿಯಿಂದ ಸ್ವಂತ ಹಳಿ ಇದೆ, ಮೆರ್ರಿ ಗೋ ರೌಂಡ್ ಅನ್ನುತ್ತಾರೆ. ಜಾರ್ಖಂಡ್‌ನ ಲಾಲ್‌ಮಟಿಯಾ ಗಣಿಯಿಂದ ಫರಕ್ಕಾ ಸ್ಥಾವರಕ್ಕೆ ಹೋಗುವುದು ಸುಮಾರು 85 ಕಿಲೋಮೀಟರ್. ವ್ಯಾಗನ್ ತಳದಲ್ಲೇ ಬಾಗಿಲು, ರೈಲು ನಿಧಾನಕ್ಕೆ ಹೋಗುತ್ತಿರುವಾಗಲೇ ಕಲ್ಲಿದ್ದಲು ಕೆಳಗೆ ಸುರಿಯುತ್ತದೆ, ಸುತ್ತು ಹಾಕಿ ಮತ್ತೆ ಗಣಿಗೆ. ಇಂಥ ಸ್ಥಾವರಗಳೂ ಉಕ್ಕಿನ ಕಾರ್ಖಾನೆಗಳೂ ಕೊಂಡ ಡಬ್ಲ್ಯೂಡಿಎಸ್-6 ಎಂಜಿನ್ ಒಳಗಿರುವುದು ಅದೇ 6 ಸಿಲಿಂಡರ್ 251. ನಿಮ್ಮಪ್ಪನ ವೈಡಿಎಂ-4ಗಳೂ ಎಲ್ಲ ಗುಜರಿಗೆ ಹೋಗಲಿಲ್ಲ, ಕೆಲವು ಮ್ಯಾನ್ಮಾರ್‌ಗೆ ಹೋದವು.


ಲೇತ್ ಕೆಲಸದವನು, ದಾವಣಗೆರೆ

ಫಿಟ್ಟರ್ ಸರ್ ಹೇಳಿದ ಒಂದೇ ಅಳತೆಯ ಮಾತು ಓದಿ ಕೈ ತಡೆಯಲಿಲ್ಲ. ನಮ್ಮ ಊರಿನ ಬಟ್ಟೆ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ನಮ್ಮ ತಂದೆ ಅಲ್ಲಿಗೆ ಶಾಫ್ಟ್, ಬುಶ್ ಮಾಡಿಕೊಡುತ್ತಿದ್ದರು. ಪರದೇಶದ ಮಷಿನ್, ಕಂಪನಿ ಎಂದೋ ಮುಚ್ಚಿದೆ, ಆದರೂ ಸವೆದ ಭಾಗ ಕೈಗೆ ಬಂದರೆ ಅಳೆದು ಅದೇ ಥರ ಮಾಡಿ ಕೊಡುತ್ತಿದ್ದರು. ಅಳತೆ ಗೊತ್ತಿದ್ದರೆ, ಲೋಹ ಯಾವುದು ಅಂತ ಗೊತ್ತಿದ್ದರೆ ಮಷಿನ್ ಅನಾಥ ಆಗುವುದಿಲ್ಲ. ಬೋರ್ಡು, ಚಿಪ್ಪು ತುಂಬಿದ ಈಗಿನ ಎಂಜಿನ್‌ಗೆ ಐವತ್ತು ವರ್ಷ ಬಿಟ್ಟು ಇದನ್ನು ಮಾಡಲು ಆಗುವುದಿಲ್ಲ, ನನಗೆ ಅದೇ ಸಂಕಟ.


ಡ್ರೈವರ್ ಮಗಳು, ದಾವಣಗೆರೆ

ಇವತ್ತು ಬೆಳಿಗ್ಗೆ ಅಪ್ಪ ಕಾಫಿ ಕುಡಿಯುತ್ತಾ ಎಲ್ಲ ಇನ್ನೊಂದು ಸಲ ಕೇಳಿಸಿಕೊಂಡರು. 92 ದಿನದ ತಪಾಸಣೆ ಅಂದಾಗ "ಹಾಗಾದರೆ ನಾನು ಹೇಳಿದ್ದು ತಪ್ಪು" ಅಂದರು. ಅಪ್ಪನ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಕಡಿಮೆ.

ಹೊಗೆ ವಿಷಯಕ್ಕೆ ಮಾತ್ರ ಅವರದ್ದೊಂದು ಮಾತಿದೆ, ಬರೆಯಲು ಹೇಳಿದ್ದಾರೆ. ಟರ್ಬೋ ತಿರುಗುವುದು ಎಂಜಿನ್ ಬಿಡುವ ಹೊಗೆಯ ಬಲದಿಂದ. ಹ್ಯಾಂಡಲ್ ಎಳೆದ ತಕ್ಷಣ ಡೀಸೆಲ್ ಒಳಗೆ ಹೋಗುತ್ತದೆ, ಟರ್ಬೋ ವೇಗ ಹಿಡಿದು ಸಾಕಷ್ಟು ಗಾಳಿ ಕೊಡಲು ಸ್ವಲ್ಪ ಹೊತ್ತು ಬೇಕು. ಆ ನಡುವೆ ಸುಡದೆ ಉಳಿದದ್ದೇ ಕಪ್ಪು ಹೊಗೆ. ಅವಸರದ ಡ್ರೈವರ್ ನಾಚ್ ಮೇಲೆ ನಾಚ್ ಹಾಕಿದರೆ ಆಕಾಶ ಕಪ್ಪು. ಒಂದು ನಾಚ್ ಹಾಕಿ, ಬೂಸ್ಟರ್ ಗಾಳಿಯ ಗೇಜ್‌ನ ಮುಳ್ಳು ಏರುವವರೆಗೆ ತಡೆದು, ಆಮೇಲೆ ಮುಂದಿನದು ಹಾಕಿದರೆ ಅಷ್ಟು ಬರುವುದಿಲ್ಲ. ಕ್ವಾರ್ಟರ್ಸ್ ಮುಂದೆ ಹೋಗುವಾಗ ತಾನು ಹಾಗೇ ಮಾಡುತ್ತಿದ್ದೆ ಅಂದರು. ಅಮ್ಮ ಅಡುಗೆಮನೆಯಿಂದಲೇ "ನಿಮ್ಮ ಗಾಡಿ ಬಂದಾಗ ನಾನು ಬಟ್ಟೆ ತೆಗೀತಿರಲಿಲ್ಲ, ಗೊತ್ತಾಗ್ತಿತ್ತು" ಅಂದರು. ಇಷ್ಟು ವರ್ಷದಲ್ಲಿ ಇದು ನನಗೆ ಗೊತ್ತೇ ಇರಲಿಲ್ಲ.

ಫಿಟ್ಟರ್ ಸರ್, ಅಪ್ಪನ ಹತ್ತಿರ ಹಳೇ ಡೈರಿಗಳಿವೆ, ಯಾವ ಎಂಜಿನ್‌ನಲ್ಲಿ ಯಾವ ದಿನ ಏನು ಕೆಟ್ಟಿತ್ತು ಅಂತ ನಂಬರ್ ಸಮೇತ ಬರೆದಿಟ್ಟಿದ್ದಾರೆ. ನಿಮ್ಮ ಕೈಗೆ ಬಂದ ಎಂಜಿನ್‌ಗಳೂ ಅದರಲ್ಲಿ ಇರಬಹುದು. ಹರಿಹರ ಏನು ದೂರ, ಬರುವ ಭಾನುವಾರ ಅವರನ್ನು ಕರೆದುಕೊಂಡು ಬರಲಾ?

ದುರ್ಗದ ತಮ್ಮಾ, ಅಪ್ಪ ನಿಮಗೂ ಒಂದು ಕೇಳಿದ್ದಾರೆ. ನಮ್ಮಲ್ಲಿ ಮರಳು ಬಿಡಲು ಕಾಲಿನ ಪೆಡಲ್ ಇತ್ತಂತೆ. ಆ ಸ್ಕ್ರಾಂಟನ್ ಎಂಜಿನ್‌ಗಳಲ್ಲಿ ಕಾಲಿನದ್ದಾ, ಕೈಯದ್ದಾ? ಮುಂದಿನ ಸಲ ಹೋದಾಗ ನೋಡಿ ಬರೆಯಿರಿ.